ಗಿರಣಿ ಸೀಮೆಯ ಕೈನೂಲು

ಬೆಳಗಾವಿ ಜಿಲ್ಲೆಯ ಧುಪದಾಳದ ಒಡ್ಡಿಗೆ ಬಂದು ತಡೆದ ಘಟಪ್ರಭೆಯ ನೀರಿಗೆ ಎರಡು ದಾರಿ. ಒಂದಷ್ಟು ಎಡದಂಡೆ ಕಾಲುವೆ ಹಿಡಿದು ಗೋಕಾಕ, ಮೂಡಲಗಿ ಕಡೆಯ ಕಬ್ಬು, ಗೋವಿನಜೋಳ, ಅರಿಷಿಣದ ಹೊಲಗಳಿಗೆ ಹೋಗುತ್ತದೆ. ಉಳಿದದ್ದು ನದಿಯ ಪಾತ್ರದಲ್ಲೇ ಸಾಗಿ ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಆ ನೀರಿನ ಬಲವನ್ನು ನೆಚ್ಚಿಕೊಂಡೇ 1885ರಲ್ಲಿ ಅಲ್ಲೊಂದು ನೂಲಿನ ಗಿರಣಿ ಹುಟ್ಟಿತು. ಅದೇ ಗೋಕಾಕ ಮಿಲ್ಸ್. ಸುತ್ತಣ ಹಳ್ಳಿಗಳ ಎಷ್ಟೋ ಮನೆಗಳ ದಿನಚರಿ ಗಿರಣಿಯ ಭೋಂಗಾದ (ಸೈರನ್) ಮೇಲೇ ನಡೆಯಿತು. ಪಾಳಿ ಮುಗಿಸಿ ಬಂದವರಿಗೆ ಊಟ, ಪಾಳಿಗೆ ಹೊರಟವರಿಗೆ ಬುತ್ತಿ.

ಇಂಥ ಗಿರಣಿಯ ಮಗ್ಗುಲಿಗೇ ಕೈಯಲ್ಲಿ ಉಣ್ಣೆ ನೂಲುವವರೂ ಉಳಿದುಕೊಂಡು ಬಂದರು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕುರುಬರ ಓಣಿಗಳಲ್ಲಿ, ತೋಟದ ಮನೆಗಳ ಕಟ್ಟೆಯ ಮೇಲೆ ವಯಸ್ಸಾದವರ ಕೈಯಲ್ಲಿ ಕದಿರು ಈಗಲೂ ಕಾಣಸಿಗುತ್ತದೆ. ಸಾವಿರಾರು ಕದಿರುಗಳನ್ನು ಒಟ್ಟಿಗೇ ತಿರುಗಿಸುವ ಯಂತ್ರದ ಎದುರು ಒಂಟಿ ಕದಿರು ಇಷ್ಟು ದಿನ ಹೇಗೆ ನಿಂತಿತು? ದುಡ್ಡಿನ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಮನೆಯ ದಿನ ಹೇಗೆ ಸಾಗುತ್ತದೆ ಅನ್ನುವುದನ್ನು ನೋಡಬೇಕು.

ಬಿಟ್ಟೆದ್ದರೂ ಕೆಡದ ಕೆಲಸ

ನೂಲುವ ಕೆಲಸ ತನ್ನದೇ ಅಂತ ಹೊತ್ತು ಕೇಳುವುದಿಲ್ಲ. ರೊಟ್ಟಿ ಹಂಚಿನ ಮೇಲಿದ್ದರೆ ಕದಲುವ ಹಾಗಿಲ್ಲ. ಹೊಲಕ್ಕೆ ನೀರು ಬಿಟ್ಟಿದ್ದರೆ ಮಡೆ ತಿರುವುವ ಹೊತ್ತಿಗೆ ಅಲ್ಲಿರಲೇಬೇಕು. ಕದಿರಿಗೆ ಆ ಅವಸರವಿಲ್ಲ. ಕೂಸು ಅತ್ತರೆ, ಎಮ್ಮೆ ಹಗ್ಗ ಬಿಚ್ಚಿಕೊಂಡರೆ, ಬೀಗರು ಬಂದರೆ ಅಲ್ಲೇ ಇಟ್ಟು ಏಳಬಹುದು. ಮತ್ತೆ ಬಂದು ಕೂತರೆ ಎಳೆ ಬಿಟ್ಟಲ್ಲೇ ಇರುತ್ತದೆ. ಸ್ವೆಟರ್ ಹೆಣೆಯುವುದೂ ಹೀಗೆಯೇ, ಹಿತ್ತಲ ಕೆಲಸವೂ ಹೆಚ್ಚುಕಡಿಮೆ ಹೀಗೆಯೇ. ಸಂಸಾರದ ನಡುನಡುವೆ ಸಿಗುವ ಚೂರುಪಾರು ಹೊತ್ತಿನಲ್ಲೇ ಆಗುವ ಕೆಲಸಗಳಿವು. ಗಿರಣಿಯಾದರೆ ಭೋಂಗಾ ಕೂಗಿದಾಗ ಹೋಗಬೇಕು. ಕದಿರು ನೂಲುವ ಆಯಿಯ ಬಿಡುವು ನೋಡಿಕೊಂಡು ನಡೆಯುತ್ತದೆ, ಅವಳು ಎದ್ದರೆ ನಿಲ್ಲುತ್ತದೆ.

ಇನ್ನೊಂದು ಅನುಕೂಲವೂ ಉಂಟು. ಕೈ ಕೆಲಸದಲ್ಲಿದ್ದರೂ ಬಾಯಿ, ಕಿವಿ ಬಿಡುವಾಗಿರುತ್ತವೆ. ಮೊಮ್ಮಗನ ಮಗ್ಗಿ ಕೇಳಬಹುದು, ಸೊಸೆಯ ಕೂಡ ಸಂತೆಯ ಲೆಕ್ಕ ಆಡಬಹುದು, ಧಾರಾವಾಹಿಯನ್ನೂ ನೋಡಬಹುದು. ಕುರಿಯ ಹಿಂದೆ ಹೋಗುವವರು ನಡೆಯುತ್ತಲೇ ತಕಲಿ (ಕೈಗದಿರು) ತಿರುಗಿಸುವುದೂ ಇದರಿಂದಲೇ ಸಾಧ್ಯ. ಕಣ್ಣು ಹಿಂಡಿನ ಮೇಲೆ, ಬೆರಳು ಎಳೆಯ ಮೇಲೆ.

ಕುರಿಯ ಮೈಯಿಂದ ಕದಿರಿಗೆ

ಈ ಸೀಮೆಯ ಕಂಬಳಿಗೆ ಉಣ್ಣೆ ಕೊಟ್ಟದ್ದು ಡೆಕ್ಕನಿ ತಳಿಯ ಕುರಿ. ಬಣ್ಣ ಹೆಚ್ಚಾಗಿ ಕಪ್ಪು; ಬಿಳಿ ಮಚ್ಚೆಯವೂ ಕಂದು ಬಣ್ಣದವೂ ಇವೆ. ಬಿಸಿಲು, ಬರ, ದಿನವಿಡೀ ನಡಿಗೆ ಎಲ್ಲವನ್ನೂ ತಾಳಿಕೊಳ್ಳುವ ಜೀವ. ಉಣ್ಣೆಯೂ ಅಷ್ಟೇ ಗಟ್ಟಿ, ಅಷ್ಟೇ ಒರಟು. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಎರಡೂ ಸಲದ್ದು ಕೂಡಿಸಿದರೂ ಒಂದು ಕುರಿಯಿಂದ ಒಂದು ಕಿಲೋ ತುಂಬುವುದಿಲ್ಲ. ಆಸ್ಟ್ರೇಲಿಯಾದ ಮೆರಿನೊ ಕುರಿ ಇದರ ಎಷ್ಟೋ ಪಟ್ಟು ಕೊಡುತ್ತದೆ, ಅದರ ಎಳೆಯೂ ಇದಕ್ಕಿಂತ ತೀರ ತೆಳು. ಶಾಲು, ಸ್ವೆಟರ್‌ಗೆ ಅದು ಸರಿ. ಆದರೆ ಹೊಲದಲ್ಲಿ ಹಾಸಿ, ಮಳೆಯಲ್ಲಿ ಹೊದ್ದು, ಮುಳ್ಳುಬೇಲಿಗೆ ತಗುಲಿಸಿಕೊಂಡು ವರ್ಷಗಟ್ಟಲೆ ಬಾಳಬೇಕಾದ ಅರಿವೆಗೆ ಒರಟು ಉಣ್ಣೆಯೇ ಬೇಕು.

ಕತ್ತರಿಸುವ ಮುಂಚೆ ಕುರಿಗಳನ್ನು ಹೊಳೆಗೋ ಕೆರೆಗೋ ಇಳಿಸಿ ಮೈ ತೊಳೆಯುತ್ತಾರೆ. ಒಣಗಿದ ಮೇಲೆ ಕಾಲು ಕಟ್ಟಿ ಮಲಗಿಸಿ ಕತ್ತರಿ ಆಡಿಸುತ್ತಾರೆ. ಕರಿಯದು ಒಂದು ಕಡೆ, ಬಿಳಿಯದು ಇನ್ನೊಂದು ಕಡೆ. ಮರಿಯ ಮೊದಲ ಉಣ್ಣೆ ಎಲ್ಲಕ್ಕಿಂತ ಮೆತ್ತಗಿರುತ್ತದೆ, ಅದನ್ನು ಬೇರೆಯಾಗಿ ಎತ್ತಿಡುತ್ತಾರೆ. ಆಮೇಲೆ ಹಿಂಜುವ ಕೆಲಸ. ಗಂಟುಗಂಟಾದ ಉಣ್ಣೆಯನ್ನು ಬೆರಳಲ್ಲಿ ಬಿಡಿಸುತ್ತ ಹೋದ ಹಾಗೆ ಅಡವಿಯ ಮುಳ್ಳು, ಹುಲ್ಲಿನ ಬೀಜ, ಮಣ್ಣು ಎಲ್ಲ ಉದುರುತ್ತದೆ. ಮನೆಯ ಹುಡುಗರಿಗೆ ಈ ಕಸುಬಿನಲ್ಲಿ ಮೊದಲು ಸಿಗುವ ಕೆಲಸ ಇದೇ.

ನೂಲುವುದನ್ನು ಹತ್ತಿರದಿಂದ ನೋಡಿ. ಎಡಗೈಯಲ್ಲಿ ಹಿಂಜಿದ ಉಣ್ಣೆಯ ಹಂಜಿ, ಬಲಗೈಯಲ್ಲಿ ತಕಲಿ. ತಕಲಿಯ ತುದಿಗೆ ಸಿಕ್ಕಿಸಿದ ಹಳೆಯ ನೂಲಿಗೆ ಹಂಜಿಯ ತುದಿ ತಾಗಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಹೊಸೆದು ಬಿಟ್ಟರೆ ತಕಲಿ ಗರಗರ ತಿರುಗುತ್ತದೆ. ತಿರುವು ನೂಲು ಹತ್ತಿ ಮೇಲೆ ಬರುತ್ತದೆ. ಅದು ಹಂಜಿಗೆ ಮುಟ್ಟುವ ಮೊದಲೇ ಎಡಗೈ ಉಣ್ಣೆಯನ್ನು ಸಡಿಲಿಸಿ ಎಳೆದಿರಬೇಕು. ಜಾಸ್ತಿ ಎಳೆದರೆ ನೂಲು ಹರಿಯುತ್ತದೆ, ಕಡಿಮೆ ಎಳೆದರೆ ದಪ್ಪ ಗಂಟು ಬೀಳುತ್ತದೆ. ತಿರುವು ಎಷ್ಟು ದೂರ ಬಂತು ಅನ್ನುವುದು ಬೆರಳಿಗೆ ತಿಳಿಯುವ ತನಕ ಕಷ್ಟ; ತಿಳಿದ ಮೇಲೆ ನೋಡುವ ಗೊಡವೆಯೇ ಇಲ್ಲ. ಹರಿದರೂ ಚಿಂತೆಯಿಲ್ಲ, ಎರಡು ತುದಿ ಬಿಡಿಸಿ ಒಂದರ ಮೇಲೊಂದಿಟ್ಟು ಹೊಸೆದರೆ ಉಣ್ಣೆ ತಾನೇ ಕಚ್ಚಿಕೊಳ್ಳುತ್ತದೆ. ಕೈಯುದ್ದ ನೂಲಾದ ಮೇಲೆ ತಕಲಿಗೆ ಸುತ್ತಿ ಮತ್ತೆ ಮೊದಲಿನಿಂದ.

ಕಂಬಳಿಗೆ ಹೋಗುವ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ, ಕುಣಿಮಗ್ಗಕ್ಕೆ ಏರಿಸುತ್ತಾರೆ. ಒತ್ತಾಗಿ ನೇಯ್ದದ್ದಕ್ಕೂ, ಉಣ್ಣೆಯಲ್ಲೇ ಇರುವ ಜಿಡ್ಡಿಗೂ ಮಳೆನೀರು ಬೇಗ ಒಳಗಿಳಿಯುವುದಿಲ್ಲ. ಕುರುಬರ ದೇವರಾದ ಬೀರಪ್ಪನ ಪೂಜೆಗೆ ಕಂಬಳಿ ಬೇಕೇ ಬೇಕು. ಹಾಲುಮತದವರ (ಕುರುಬರ) ಮದುವೆಗೂ ಬೇಕು. ಈಗೀಗ ಅದು ಮಳೆಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಸನ್ಮಾನದ ವೇದಿಕೆಯ ಮೇಲೆ, ಗಣ್ಯರ ಹೆಗಲ ಮೇಲೆ ಕಾಣುತ್ತದೆ.

ಅರ್ಧ ತಾಸಿನ ವ್ರತ

ಚೂರು ಹೊತ್ತಿನಲ್ಲಿ ನೂಲುವುದನ್ನು ದೇಶದ ಕೆಲಸವಾಗಿ ಮಾಡಿದ ಕಾಲವೂ ಈ ಜಿಲ್ಲೆಯ ಚರಿತ್ರೆಯಲ್ಲಿದೆ; ಆಗ ಕೈಯಲ್ಲಿದ್ದದ್ದು ಉಣ್ಣೆಯಲ್ಲ, ಹತ್ತಿ. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅಧ್ಯಕ್ಷರು ಗಾಂಧೀಜಿ. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಕಾಂಗ್ರೆಸ್ ಸದಸ್ಯರಾಗಲು ದುಡ್ಡಿನ ಬದಲು ತಿಂಗಳಿಗೆ 2000 ಗಜ ಕೈನೂಲು ಕೊಡಬೇಕೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 60 ಮೀಟರ್. ದಿನಕ್ಕೆ ಅರ್ಧ ತಾಸು ಕೂತರೆ ಸಾಕು ಎಂಬುದು ಗಾಂಧೀಜಿಯ ಎಣಿಕೆ. ಆ ನಿಯಮ ಬಹಳ ದಿನ ಬಾಳಲಿಲ್ಲ, ಮರುವರ್ಷವೇ ಸಡಿಲವಾಯಿತು. ಆದರೆ 1925ರಲ್ಲಿ ಅಖಿಲ ಭಾರತ ಚರಕಾ ಸಂಘ ಹುಟ್ಟಿ, ನೂಲುವವರಿಗೆ ಹತ್ತಿ ಕೊಟ್ಟು ನೂಲು ಕೊಳ್ಳುವ ಏರ್ಪಾಟು ಊರೂರಿಗೆ ಬಂತು.

ಬೆಳಗಾವಿ ಅಧಿವೇಶನದ ಹೊಣೆ ಹೊತ್ತವರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಕರ್ನಾಟಕದ ಖಾದಿ ಭಗೀರಥ ಎಂದು ಹೆಸರಾದವರು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಅವರ ಊರಲ್ಲೇ ನಡೆಯಿತು, ಗಾಂಧೀಜಿ ಅಲ್ಲಿಗೆ ಬಂದು ತಂಗಿದ್ದರು. ಹುದಲಿಯಲ್ಲಿ ಖಾದಿ ಕೆಲಸ ಇವತ್ತಿಗೂ ಇದೆ. ಇತ್ತ ಧುಪದಾಳದ ಮಗ್ಗುಲ ಘಟಪ್ರಭಾ ಊರಲ್ಲಿ ಕಾಂಗ್ರೆಸ್ ಸೇವಾದಳದ ಡಾ. ನಾ. ಸು. ಹರ್ಡೀಕರ್ ನೆಲೆಸಿದ್ದರು. ಖಾದಿಯ ಆ ಗಾಳಿ ಶಾಲೆಗಳಿಗೂ ಬೀಸಿತು. ತಕಲಿ, ಹಂಜಿ ಹಿಡಿದು ಸಾಲಾಗಿ ಕೂತು ನೂತದ್ದನ್ನು ಈ ಕಡೆಯ ಹಿರಿಯರು ಇನ್ನೂ ನೆನೆಯುತ್ತಾರೆ.

ಆ ಖಾದಿಯ ಎಳೆ ಇನ್ನೂ ಹರಿದಿಲ್ಲ: ಪಕ್ಕದ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಸೀಮೆಯಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ತಯಾರಾಗುತ್ತದೆ. 1957ರಲ್ಲಿ ಹುಟ್ಟಿದ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದಲ್ಲಿ ಅದು ಧ್ವಜವಾಗುತ್ತದೆ.

ಸೀದಾ ಒಂದು, ಉಲ್ಟಾ ಒಂದು

ಹೆಣಿಗೆ ನೂಲುವುದಕ್ಕಿಂತ ತೀರ ಈಚಿನದು. ಮಿಶನ್ ಶಾಲೆ, ಹೊಲಿಗೆ ತರಗತಿಗಳ ದಾರಿಯಲ್ಲಿ ನಮ್ಮ ಮನೆಗಳಿಗೆ ಬಂತು. ಬಸುರಿ ಮಗಳು ತವರಿಗೆ ಬಂದಳು ಅಂದರೆ ಒಂದು ಕಡೆ ಹಳೆ ಸೀರೆಗಳ ಕೌದಿ, ಇನ್ನೊಂದು ಕಡೆ ಉಲನ್ ಉಂಡೆ, ಎರಡು ಕಡ್ಡಿ. ಕೂಸಿಗೆ ಕುಲಾಯಿ, ಕಾಲಚೀಲ, ಗುಂಡಿಯ ಸ್ವೆಟರ್. ‘ಸೀದಾ ಒಂದು, ಉಲ್ಟಾ ಒಂದು’ ಅಂತ ಎಣಿಸುತ್ತ ಹೋದರೆ ಹಿಗ್ಗುವ ಕುಗ್ಗುವ ಅಂಚು, ಬರೀ ಸೀದಾ ಹಾಕಿದರೆ ಎರಡೂ ಮಗ್ಗುಲು ಒಂದೇ ಥರದ ದಪ್ಪ ಹಾಸು. ತಪ್ಪಿದರೆ ಕುಣಿಕೆ ಬಿಚ್ಚಿ ಮತ್ತೆ ಹೆಣೆಯಬಹುದು, ನೂಲು ಹಾಳಾಗುವುದಿಲ್ಲ.

ಪೇಟೆಯಲ್ಲಿ ಉಲನ್ ಅಂತ ಸಿಗುವ ಬಣ್ಣಬಣ್ಣದ ಉಂಡೆಗಳಲ್ಲಿ ಬಹುಪಾಲು ಕುರಿಯ ಮೈ ಕಂಡದ್ದಲ್ಲ, ಅಕ್ರಿಲಿಕ್. ಊರ ಕುರಿಯ ನೂಲಿನಲ್ಲೂ ಹೆಣೆಯಬಹುದು, ಒಂದೆರಡು ಎಚ್ಚರಿಕೆ ಬೇಕು. ಒಂಟಿ ಎಳೆಯಲ್ಲಿ ಹೆಣೆದರೆ ಅರಿವೆ ಓರೆಯಾಗಿ ಸೊಟ್ಟಗಾಗುತ್ತದೆ. ಎರಡು ಎಳೆ ಕೂಡಿಸಿ, ನೂತದ್ದಕ್ಕೆ ತಿರುಗುಮುರುಗಾಗಿ ಹುರಿ ಮಾಡಬೇಕು. ಹುರಿ ಮಾಡಿದ ಲಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿದರೆ ತಿರುವು ನಿಲ್ಲುತ್ತದೆ. ದಪ್ಪ ಕಡ್ಡಿ ಬೇಕು. ಈ ಉಣ್ಣೆ ಚುಚ್ಚುತ್ತದೆ, ಕೂಸಿನ ಮೈಗೆ ಸಲ್ಲ. ಸಂತೆಚೀಲ, ಕೂಡುವ ಹಾಸು, ಬಿಸಿ ಪಾತ್ರೆ ಇಳಿಸುವ ಹಿಡಿಕೆ ಇವಕ್ಕೆ ಹೇಳಿ ಮಾಡಿಸಿದ್ದು. ಉಣ್ಣೆ ಹತ್ತಿಯಂತೆ ಬೇಗ ಬೆಂಕಿ ಹಿಡಿಯುವುದೂ ಇಲ್ಲ. ಟೋಪಿ ಮಾಡುವುದಾದರೆ ಒಳಗೆ ಹತ್ತಿಯ ಅಸ್ತರ ಕೊಡಿ.

ಹಿತ್ತಲ ಪಾಲು

ಕುರಿಗೂ ಹೊಲಕ್ಕೂ ಹಳೆಯ ನಂಟು. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸಿಕೊಂಡು, ಕುರಿಗಾರರಿಗೆ ಕಾಳನ್ನೋ ದುಡ್ಡನ್ನೋ ಕೊಡುವ ರೈತರು ಈಗಲೂ ಇದ್ದಾರೆ. ಒಂದೇ ರಾತ್ರಿಯಲ್ಲಿ ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಸೇರುತ್ತವೆ. ಮನೆಯ ಹಿತ್ತಲಿಗೂ ಉಣ್ಣೆಯ ಪಾಲುಂಟು. ಹಿಂಜುವಾಗ ಉಳಿಯುವ ತುಂಡು ಉಣ್ಣೆ ನೂಲಿಗೆ ಬಾರದು. ಬದನೆ, ಹೀರೆ ಬಳ್ಳಿಯ ಬುಡಕ್ಕೆ ಹಾಸಿ ಮೇಲೆ ಮಣ್ಣು ಎಳೆದರೆ ನೀರು ಹಿಡಿದಿಡುತ್ತದೆ, ನಿಧಾನವಾಗಿ ಕೊಳೆತು ಸಾರಜನಕ ಕೊಡುತ್ತದೆ.

ಹಿತ್ತಲೂ ನೂಲಿಗೆ ಸಾಲ ತೀರಿಸುತ್ತದೆ. ಪುಂಡಿಯ ಎಲೆ ಪಲ್ಯಕ್ಕೆ, ದಂಟಿನ ನಾರು ಹಗ್ಗಕ್ಕೆ. ಗಣೇಶನ ಹಬ್ಬ, ದೀಪಾವಳಿ ಕಳೆದ ಮೇಲೆ ಬಾಡಿದ ಚೆಂಡುಹೂ ರಾಶಿ ಬೀಳುತ್ತದಲ್ಲ, ಅದನ್ನು ಕುದಿಸಿ ಸೋಸಿ, ಪಟಕದ ನೀರಲ್ಲಿ ನೆನೆಸಿಟ್ಟ ಬಿಳಿ ಉಣ್ಣೆಯನ್ನು ಮುಳುಗಿಸಿದರೆ ಹದವಾದ ಹಳದಿ ಏರುತ್ತದೆ. ಉಳ್ಳಾಗಡ್ಡಿಯ ಸಿಪ್ಪೆ, ದಾಳಿಂಬೆ ಸಿಪ್ಪೆಗೂ ಆ ಗುಣವಿದೆ. ಈ ಸೀಮೆಯ ಹೊಲಗಳಲ್ಲಿ ಬೇಕಾದಷ್ಟು ಬೆಳೆಯುವ ಅರಿಷಿಣ ಮಾತ್ರ ಮೋಸ ಮಾಡುತ್ತದೆ. ಮೊದಲ ದಿನ ಥಳಥಳ ಹೊಳೆದು, ಬಿಸಿಲು ಕಂಡಂತೆ ಮಾಸಿಹೋಗುತ್ತದೆ.

ಲೆಕ್ಕಕ್ಕೆ ಸಿಗದ ಹೊತ್ತು

ಕಸುಬು ಸೊರಗುತ್ತಿರುವುದು ನಿಜ. ಕುರಿ ಸಾಕುವುದು ಈಗ ಮಾಂಸಕ್ಕೆ; ಉಣ್ಣೆಯಿಲ್ಲದ, ಬೇಗ ಮೈ ತುಂಬುವ ತಳಿಗಳು ಹಿಂಡು ಸೇರಿವೆ. ಉಣ್ಣೆ ಕತ್ತರಿಸುವ ಕೂಲಿಯಷ್ಟೂ ಅದರ ಬೆಲೆ ಏಳುವುದಿಲ್ಲವೆಂದು ಕತ್ತರಿಸಿದ್ದನ್ನು ಎಸೆದು ಹೋಗುವವರೂ ಇದ್ದಾರೆ. ಪಾಣಿಪತ್ತಿನ ಗಿರಣಿಗಳ ಹಗುರ ಬ್ಲ್ಯಾಂಕೆಟ್ಟು ಸಂತೆಯಲ್ಲಿ ಕಂಬಳಿಯ ಎಷ್ಟೋ ಪಾಲು ಕಡಿಮೆ ಬೆಲೆಗೆ ಸಿಗುತ್ತದೆ.

ಇನ್ನೊಂದು ಕಾರಣ ಕಸುಬಿನ ಒಳಗೇ ಇದೆ. ಅದನ್ನು ಇಷ್ಟು ಕಾಲ ಕಾಪಾಡಿದ್ದೂ, ಅದಕ್ಕೆ ಮುಳುವಾದದ್ದೂ ಒಂದೇ ಗುಣ. ಬಿಡುವಿನಲ್ಲಿ ಆಗುವ ಕೆಲಸವಾದ್ದರಿಂದ ಅದು ಕೆಲಸವೆಂದೇ ಲೆಕ್ಕಕ್ಕೆ ಬರಲಿಲ್ಲ. ಮಗ್ಗದ ಮೇಲೆ ಕೂತವರ ಕೂಲಿ ಕಂಬಳಿಯ ಬೆಲೆಯಲ್ಲಿ ಸೇರಿತು. ತಿಂಗಳುಗಟ್ಟಲೆ ಹಿಂಜಿ ನೂತ ಹೆಂಗಸರ ಹೊತ್ತು ‘ಮನ್ಯಾಗ ಕುಂತ ಮಾಡಿದ್ದು’ ಎಂದು ಬಿಟ್ಟುಹೋಯಿತು. ಒಂದು ಕಂಬಳಿಯಲ್ಲಿ ನೇಯುವುದಕ್ಕಿಂತ ನೂಲುವುದಕ್ಕೇ ಹೆಚ್ಚು ಹೊತ್ತು ಹೋಗಿರುತ್ತದೆ ಅನ್ನುವುದು ಕೊಳ್ಳುವವರಿಗೆ ಗೊತ್ತೇ ಇಲ್ಲ.

ಆದ್ದರಿಂದ ಕಂಬಳಿ ಕೊಳ್ಳುವಾಗ ನೇಯ್ದವರ ಜೊತೆಗೆ ನೂತವರು ಯಾರು ಎಂದೂ ಕೇಳಿ. ಕೈನೂಲಿನದೋ ಗಿರಣಿ ನೂಲಿನದೋ ಎಂದು ತಿಳಿದುಕೊಂಡು, ಕೈನೂಲಾದರೆ ಚೌಕಾಸಿ ಮಾಡದೆ ಕೊಳ್ಳಿ. ಕಲಿಯಬೇಕೆನ್ನುವವರಿಗೆ ದೊಡ್ಡ ಖರ್ಚೇನಿಲ್ಲ. ಕುರಿ ಕತ್ತರಿಸುವ ದಿನ ಹಟ್ಟಿಗೆ ಹೋಗಿ ಕೇಳಿದರೆ ಎಸೆಯುವ ಉಣ್ಣೆಯೇ ಒಂದು ಚೀಲ ಸಿಗುತ್ತದೆ. ಒಂದು ತಕಲಿ, ಓಣಿಯ ಹಿರಿಯರೊಬ್ಬರ ಮುಂದೆ ಕೂಡುವ ತಾಳ್ಮೆ, ಇಷ್ಟು ಸಾಕು. ಮೊದಮೊದಲ ನೂಲು ಹಗ್ಗದ ಹಾಗೆ ದಪ್ಪ ಬರುತ್ತದೆ. ಬರಲಿ, ಸಂತೆಚೀಲಕ್ಕೆ ಅಂಥದ್ದೇ ಬೇಕು.