ಗದ್ದೆಯಿಂದ ಗೋಡೆಗೆ ಬಂದ ಹಸೆ ಚಿತ್ತಾರ

ಮಲೆನಾಡಿನ ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಸಮುದಾಯದ ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಹೆಂಗಸರಿಗೆ ಗೋಡೆಯ ಕೆಲಸ ಶುರು. ಮದುಮಕ್ಕಳನ್ನು ಹಸೆಗೆ ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅದರ ಮೇಲೆ ಬಿಳಿ ಗೆರೆ ಎಳೆಯುತ್ತಾರೆ. ಅದೇ ಹಸೆ ಚಿತ್ತಾರ.

ಇದರ ಬಣ್ಣಗಳೆಲ್ಲ ಊರಿನ ಸುತ್ತಮುತ್ತ ಸಿಗುವಂಥವು. ನೆನೆಸಿದ ಅಕ್ಕಿ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕರಕಲಾಗುವಷ್ಟು ಹುರಿದು ಅರೆದರೆ ಕಪ್ಪು. ಕೆಂಪಿಗೆ ಮಲೆನಾಡಿನ ಮಣ್ಣೇ ಸಾಕು. ಹಳದಿಗೆ ಕಾಡಿನ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ನಾರು. ಈ ನಾಲ್ಕೇ ಬಣ್ಣದಲ್ಲಿ ಬಾಸಿಂಗ, ದಂಡಿಗೆ, ಏಣಿ, ಭತ್ತದ ಸಸಿ, ಹಕ್ಕಿ ಎಲ್ಲ ಮೂಡಬೇಕು. ಕಂಡದ್ದನ್ನು ಕಂಡ ಹಾಗೆ ಬರೆಯುವ ಹಟ ಇಲ್ಲಿಲ್ಲ. ಗೆರೆ, ಚೌಕ, ತ್ರಿಕೋನಗಳಲ್ಲೇ ಗದ್ದೆಯೂ ಮನೆಯೂ ಅಡಗುತ್ತವೆ. ನಾರು ಎಳೆಯುವ ಕೈ ಒಂದಿಷ್ಟು ನಡುಗಿದರೂ ಗೋಡೆ ಅದನ್ನು ಮುಚ್ಚಿಡುವುದಿಲ್ಲ.

ನನಗೆ ಗೋಡೆಗಿಂತ ಹೆಚ್ಚು ಇಷ್ಟವಾಗುವುದು ಇದೇ ಚಿತ್ತಾರ ಬರೆದ ಬುಟ್ಟಿ. ಆಶ್ವಯುಜದ ಹುಣ್ಣಿಮೆ, ಅಂದರೆ ಸೀಗೆ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆ ಬಡಿಸುವ ಹಬ್ಬ ಅದು. ಭೂಮಿ ಹುಣ್ಣಿಮೆ ಎನ್ನುತ್ತಾರೆ. ಅದಕ್ಕೆಂದೇ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಇದು ಭೂಮಣ್ಣಿ ಬುಟ್ಟಿ. ಹೆಂಗಸರು ರಾತ್ರಿಯೆಲ್ಲ ಎದ್ದು ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮುಂಚೆ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಸೊಪ್ಪು ಬೆರೆಸಿದ ಅಡುಗೆಯನ್ನು ಪೈರಿನ ಮೇಲೆ ಬೀರುತ್ತಾರೆ. ಬುಟ್ಟಿಯ ಮೇಲಿನ ಬಿಳಿ ಗೆರೆ ಹಿಂದಿನ ಬೆಳೆಯ ಅಕ್ಕಿಯದು, ಎದುರಿಗೆ ನಿಂತಿರುವುದು ಈ ವರ್ಷದ್ದು.

ಈಗ ಚಿತ್ತಾರ ಬಟ್ಟೆ, ಕಾಗದ, ಕ್ಯಾನ್ವಾಸಿನ ಮೇಲೂ ಬಂದಿದೆ, ಮೇಳಗಳಲ್ಲಿ ಮಾರಾಟವಾಗುತ್ತಿದೆ. ಅದು ತಪ್ಪೆನ್ನಲಾರೆ, ಸಿಮೆಂಟ್ ಗೋಡೆಯ ಮನೆಗಳಲ್ಲಿ ಈ ಕಲೆಗೆ ಅಷ್ಟಾದರೂ ಜಾಗ ಬೇಕು, ಬರೆಯುವವರ ಕೈಗೆ ನಾಲ್ಕು ಕಾಸೂ ಬೇಕು. ಆದರೆ ಅಂಗಡಿಯ ಡಬ್ಬಿಯ ಬಣ್ಣದಲ್ಲಿ ಬರೆದದ್ದಕ್ಕೆ ಆ ಮಣ್ಣಿನ ಮಂಕು ಕೆಂಪು ಬರುವುದಿಲ್ಲ. ಕೊಳ್ಳುವಾಗ ಬಣ್ಣ ಯಾವುದರದ್ದೆಂದು ಒಂದು ಮಾತು ಕೇಳಿ. ಕೆಮ್ಮಣ್ಣು, ಅಕ್ಕಿಯದಾದರೆ ಚೌಕಾಸಿ ಮಾಡಬೇಡಿ.