ಒಂದು ಕಿಲೋಗ್ರಾಮಿನ ಬೆಲೆ

2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ರೀಡಾಕೂಟದ 49 ಕಿಲೋ ವಿಭಾಗದಲ್ಲಿ ಮಣಿಪುರದ ಮೀರಾಬಾಯಿ ಚಾನು ಅವರು ಒಟ್ಟು 199 ಕಿಲೋ ಭಾರವನ್ನೆತ್ತಿ ನಾಲ್ಕನೆಯ ಸ್ಥಾನ ಪಡೆದರು. ಕಂಚಿನ ಪದಕವು 200 ಕಿಲೋ ಎತ್ತಿದವರ ಪಾಲಾಯಿತು. ‘ಇನ್ನೊಂದು ಕಿಲೋ ಎತ್ತಬಾರದಿತ್ತೇ!’ ಎಂದು ನಾವೆಲ್ಲರೂ ಮರುಗಿದೆವು. ಆದರೆ ಆ ಒಂದು ಕಿಲೋದ ಬೆಲೆಯನ್ನು ನಾವು ಅರಿತಿರುವೆವೇ?

ಭಾರವನ್ನು ನೆಲದಿಂದ ಒಂದೇ ಸೆಳೆತಕ್ಕೆ ತಲೆಯ ಮೇಲೆತ್ತುವ ‘ಸ್ನ್ಯಾಚ್’ ವಿಧಾನದಲ್ಲಿ ಅವರು 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 82 ಕಿಲೋ ಎತ್ತಿದ್ದರು. 2017ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 85, 2021ರಲ್ಲಿ ಟೋಕಿಯೋದಲ್ಲಿ 87, 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 88, ಪ್ಯಾರಿಸ್‌ನಲ್ಲಿಯೂ 88. ಎಂಟು ವರ್ಷಗಳ ಕಠಿಣ ಸಾಧನೆಗೆ ದೊರೆತ ಹೆಚ್ಚಳ ಕೇವಲ ಆರು ಕಿಲೋ!

ಹೊಸದಾಗಿ ವ್ಯಾಯಾಮ ಆರಂಭಿಸಿದ ತರುಣನಾದರೋ ವಾರವಾರವೂ ಭಾರವನ್ನು ಹೆಚ್ಚಿಸಬಲ್ಲನು. ಇದಕ್ಕೆ ಕಾರಣವಿದೆ. ಮೊದಲ ಕೆಲವು ವಾರಗಳಲ್ಲಿ ಸ್ನಾಯುಗಳು ಅಷ್ಟಾಗಿ ಬೆಳೆಯುವುದಿಲ್ಲ; ಇರುವ ಸ್ನಾಯುಗಳನ್ನೇ ಒಗ್ಗೂಡಿಸಿ ದುಡಿಸುವುದನ್ನು ನರಮಂಡಲವು ಕಲಿಯುತ್ತದೆ. ಈ ಕಲಿಕೆ ಬೇಗ ಕೈಗೂಡುತ್ತದೆ. ಅನಂತರ ಸ್ನಾಯುವೇ ಬೆಳೆಯಬೇಕು. ಅದಕ್ಕೆ ಆಹಾರ, ನಿದ್ರೆ, ವಿಶ್ರಾಂತಿಗಳ ಜೊತೆಗೆ ತಿಂಗಳುಗಳ ಕಾಲವೂ ಬೇಕು. ದೇಹವು ಒಮ್ಮೆ ಒಗ್ಗಿಕೊಂಡ ಭಾರ ಮುಂದಿನ ಬೆಳವಣಿಗೆಗೆ ಸಾಲದು, ಹೆಚ್ಚು ದುಡಿಸಬೇಕು. ಹೆಚ್ಚು ದುಡಿದ ದೇಹ ಚೇತರಿಸಿಕೊಳ್ಳಲು ಹೆಚ್ಚು ದಿನ ಹಿಡಿಯುತ್ತದೆ. ಎಲುಬಿನ ರಚನೆ, ದೇಹದ ತೂಕ, ವಯಸ್ಸು ಇವೂ ಎಲ್ಲೆಯನ್ನು ಹಾಕುತ್ತವೆ. ಆ ಎಲ್ಲೆಯನ್ನು ಸಮೀಪಿಸಿದಷ್ಟೂ ಮುಂದಿನ ಹೆಜ್ಜೆ ಕಿರಿದಾಗುತ್ತದೆ.

ಈ ಸಂಗತಿಯನ್ನು ನಮ್ಮ ಮನೆಗಳ ಹಿರಿಯರೂ ತಿಳಿದಿರುವುದು ಅವಶ್ಯ. ಮೊದಲ ತಿಂಗಳುಗಳ ವೇಗ ನಿಂತೊಡನೆ ಕೆಲ ಮಕ್ಕಳು ವ್ಯಾಯಾಮವನ್ನೇ ಬಿಡುತ್ತಾರೆ. ಇನ್ನು ಕೆಲವರು ಯಾರದೋ ಮಾತು ಕೇಳಿ ಸ್ಟೀರಾಯ್ಡ್ ಮಾತ್ರೆ, ಚುಚ್ಚುಮದ್ದುಗಳಿಗೆ ಕೈಚಾಚುತ್ತಾರೆ. ಹೃದಯಕ್ಕೂ ಯಕೃತ್ತಿಗೂ ಅದರಿಂದಾಗುವ ಹಾನಿಯನ್ನು ಯಾವ ಪದಕವೂ ತುಂಬಿಕೊಡಲಾರದು.

ಆದುದರಿಂದ ‘ಈ ವಾರ ಎಷ್ಟು ಹೆಚ್ಚಿಸಿದೆ?’ ಎಂದು ಮಕ್ಕಳನ್ನು ಕೇಳುವುದನ್ನು ನಾವು ಬಿಡೋಣ. ಎತ್ತಿದ ಭಾರವನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಹೇಳೋಣ. ಕಳೆದ ವರ್ಷದ ಇದೇ ತಿಂಗಳ ಪುಟವನ್ನು ಅವರೊಡನೆ ಕುಳಿತು ತೆರೆದು ನೋಡೋಣ. ವಾರದ ಲೆಕ್ಕದಲ್ಲಿ ಕಾಣದ ಏಳಿಗೆ ಅಲ್ಲಿ ಕಂಡೀತು.