ಹಗೆತನವಿರಿಸಿದವರು ದೇವರೇ: ಆದಿಕಾಂಡ 3:15ರ ವ್ಯಾಖ್ಯಾನ ಪರಂಪರೆ

ಸರ್ಪಕ್ಕೂ ಸ್ತ್ರೀಗೂ, ಅದರ ಸಂತತಿಗೂ ಆಕೆಯ ಸಂತಾನಕ್ಕೂ ನಡುವೆ ಹಗೆತನವನ್ನಿರಿಸುವುದಾಗಿ ದೇವರು ಆದಿಕಾಂಡ 3:15ರಲ್ಲಿ ಸಾರುತ್ತಾರೆ. ಧರ್ಮಸಭೆಯ ಪರಂಪರೆ ಈ ವಚನವನ್ನು ಆದಿ ಶುಭಸಂದೇಶವೆಂದು ಕರೆದಿದೆ. ಶಾಪದ ಮಾತಿನ ನಡುವೆ ಬಂದ ಹಗೆತನದ ವಾರ್ತೆ ಶುಭಸಂದೇಶವಾದುದು ಹೇಗೆ ಎಂಬುದನ್ನು ನಾವಿಲ್ಲಿ ಪರಿಶೀಲಿಸೋಣ.

ಈ ಅಧ್ಯಾಯ ಸರ್ಪವನ್ನು ಸೈತಾನನೆಂದು ಹೆಸರಿಸುವುದಿಲ್ಲ. ದೇವರು ಉಂಟುಮಾಡಿದ ಕಾಡುಮೃಗಗಳೊಂದಿಗೇ ಅದನ್ನು ಎಣಿಸುತ್ತದೆ (3:1). ಪಿಶಾಚಿಯ ಮತ್ಸರದಿಂದ ಸಾವು ಲೋಕವನ್ನು ಹೊಕ್ಕಿತೆಂದು ಜ್ಞಾನಗ್ರಂಥವೂ (2:24), ಪುರಾತನ ಸರ್ಪವೇ ಸೈತಾನನೆಂದು ಪ್ರಕಟನಾ ಗ್ರಂಥವೂ (12:9) ತರುವಾಯ ಸ್ಪಷ್ಟಪಡಿಸುತ್ತವೆ. ಎರಡನೆಯ ಶತಮಾನದ ಸಂತ ಜಸ್ಟಿನರು ಇದೇ ಅರ್ಥವನ್ನು ಎತ್ತಿಹಿಡಿದರು. ಆದರೂ ಮೂಲಪಾಠದ ಮಿತಮಾತು ಅಮೂಲ್ಯವಾದುದು: ಶೋಧಕನೂ ಸೃಷ್ಟಿಯೇ ಹೊರತು ದೇವರಿಗೆ ಎದುರಾಳಿಯಾದ ಮತ್ತೊಬ್ಬ ದೇವರಲ್ಲ.

ಸುಮಾರು ಕ್ರಿ.ಶ. 180ರಲ್ಲಿ ಸಂತ ಇರೆನೇಯುಸರು ಹೋರಾಡಿದ್ದು ಈ ಸತ್ಯಕ್ಕಾಗಿಯೇ. ಸೃಷ್ಟಿಕರ್ತನನ್ನು ಕೀಳು ದೈವವೆಂದೂ ಸರ್ಪವನ್ನು ಅರಿವಿಗೆ ದಾರಿ ತೆರೆದುದೆಂದೂ ಬೋಧಿಸಿದ ಪಂಗಡಗಳು ಅವರ ಕಾಲದಲ್ಲಿದ್ದವು. ಸೃಷ್ಟಿಸಿದ ದೇವರೇ ಉದ್ಧರಿಸುವವರು ಎಂದು ಇರೆನೇಯುಸರು ಉತ್ತರಿಸಿದರು. ದೇವರು ಶಪಿಸಿದ್ದು ಸರ್ಪವನ್ನೂ ನೆಲವನ್ನೂ. ಆದಾಮನನ್ನಲ್ಲ ಎಂಬುದನ್ನು ಅವರು ಗಮನಿಸಿದರು. ಸೋತವನು ಮಾನವ, ಆದುದರಿಂದ ನ್ಯಾಯವಾಗಿ ಗೆಲ್ಲಬೇಕಾದವನೂ ಸ್ತ್ರೀಯಲ್ಲಿ ಜನಿಸಿದ ಮಾನವನೇ. ಕ್ರಿಸ್ತರಲ್ಲಿ ಆ ಜಯ ಈಡೇರಿತು.

ಸರ್ಪದ ತಲೆಯನ್ನು ಜಜ್ಜುವವರು ಯಾರು? ಹೀಬ್ರೂ ಭಾಷೆಯಲ್ಲಿ 'ಸಂತಾನ' ಎಂಬ ಪದ ಒಬ್ಬನನ್ನೂ ಇಡೀ ಪೀಳಿಗೆಯನ್ನೂ ಸೂಚಿಸಬಲ್ಲುದು. ಗ್ರೀಕ್ ಸಪ್ತತಿ ಅನುವಾದ, ತನ್ನ 'ಸಂತಾನ' ಪದ ನಪುಂಸಕಲಿಂಗವಾಗಿದ್ದರೂ, ಪುಲ್ಲಿಂಗ ಸರ್ವನಾಮವನ್ನು ಬಳಸಿತು. ಲ್ಯಾಟಿನ್ ವಲ್ಗಾತ ಸ್ತ್ರೀಲಿಂಗವನ್ನು ಬಳಸಿತು. ಸರ್ಪವನ್ನು ಮೆಟ್ಟಿನಿಂತ ಮಾತೆ ಮರಿಯಮ್ಮನವರ ಚಿತ್ರಣಕ್ಕೆ ಆ ಪಾಠವೇ ಆಧಾರವಾಯಿತು. 1979ರ ನೂತನ ವಲ್ಗಾತ ನಪುಂಸಕಲಿಂಗಕ್ಕೆ ಮರಳಿದೆ. ಕನ್ನಡದಲ್ಲಿಯೂ 'ಅದು', 'ಅವನು', 'ಅವಳು' ಎಂಬ ಆಯ್ಕೆಗಳು ಕ್ರಮವಾಗಿ ಮಾನವಕುಲ, ಕ್ರಿಸ್ತರು, ಮರಿಯಮ್ಮನವರತ್ತ ನಮ್ಮ ದೃಷ್ಟಿಯನ್ನು ಒಯ್ಯುತ್ತವೆ. ಇವು ಪರಸ್ಪರ ವಿರೋಧಿಗಳಲ್ಲ. ಜಯ ಕ್ರಿಸ್ತರದು, ಮಾತೆ ಅದರ ಪ್ರಥಮ ಫಲ, ನಾವು ಅದರ ಪಾಲುಗಾರರು. ಶಾಂತಿದಾತ ದೇವರು ಸೈತಾನನನ್ನು ವಿಶ್ವಾಸಿಗಳ ಕಾಲಡಿಯಲ್ಲಿ ಜಜ್ಜುವರೆಂದು ಸಂತ ಪೌಲರೂ ಬರೆದಿದ್ದಾರೆ (ರೋಮನರಿಗೆ 16:20).

ತಲೆಗೂ ಹಿಮ್ಮಡಿಗೂ ಬೀಳುವ ಪೆಟ್ಟಿಗೆ ಹೀಬ್ರೂ ಪಾಠ ಒಂದೇ ಕ್ರಿಯಾಪದವನ್ನು ಬಳಸಿದೆ. ಗೆಲ್ಲುವವನೂ ಗಾಯಗೊಳ್ಳುತ್ತಾನೆ, ಶಿಲುಬೆಯೇ ಅದಕ್ಕೆ ಸಾಕ್ಷಿ.

ಈ ಬೋಧನೆ ಇಂದಿಗೂ ಎರಡು ಅಪಾಯಗಳಿಂದ ನಮ್ಮನ್ನು ಕಾಯುತ್ತದೆ. ಮೊದಲನೆಯದು, ಪಿಶಾಚಿಯ ಭಯವೇ ವಿಶ್ವಾಸದ ಸ್ಥಾನವನ್ನು ಆಕ್ರಮಿಸುವುದು. ಪಿಶಾಚಿಗಳು ದೇವರಿಂದ ಒಳ್ಳೆಯವರಾಗಿಯೇ ಸೃಷ್ಟಿಗೊಂಡು ತಾವಾಗಿಯೇ ಕೆಟ್ಟವರಾದರೆಂದು 1215ರ ನಾಲ್ಕನೆಯ ಲಾತರನ್ ಮಹಾಸಭೆ ಘೋಷಿಸಿತು. ಎರಡನೆಯದು, ನೆರೆಯವರನ್ನೇ ಸರ್ಪದ ಸಂತತಿಯೆಂದು ಗುರುತಿಸುವುದು. ಯೊವಾನ್ನರ ಶುಭಸಂದೇಶದ ಒಂದು ಮಾತನ್ನು (8:44) ಯೆಹೂದ್ಯರ ವಿರುದ್ಧ ಹಾಗೆ ಬಳಸಿದ ನೋವಿನ ಚರಿತ್ರೆ ನಮ್ಮ ಮುಂದಿದೆ. ದೇವರು ಹಗೆತನವಿರಿಸಿದ್ದು ಮಾನವನಿಗೂ ಮಾನವನಿಗೂ ನಡುವೆ ಅಲ್ಲ. ಪಾಪಕ್ಕೆ ಮನಸೋತ ಮಾನವಕುಲ ಪಾಪದೊಡನೆ ಶಾಶ್ವತವಾಗಿ ರಾಜಿಯಾಗದಂತೆ ಅವರೇ ತಡೆಯೊಡ್ಡಿದರು. ಈ ಹಗೆತನ ವರಪ್ರಸಾದ. ಆದುದರಿಂದಲೇ ಈ ವಚನ ಶುಭಸಂದೇಶ.